ಮುಂದಿನ ಗಾಲಿಯ ಹಿಡಿ

ಘಣಸೋಲಿ
೩ ನವೆಂಬರ್ ೧೯೯೬

ತೀರ್ಥರೂಪ ಸಮಾನರಾದ ಅಂಬರೀಶ ಮಾಮಾ ಅವರಿಗೆ ಕಾಂಚನಾಳ ನಮಸ್ಕಾರಗಳು.

ಏಪ್ರಿಲ್ ಆದಮೇಲೆ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಬರೆಯಬಾರದೆಂದೇ ಇದ್ದೆ. ವಿಠ್ಠಲವಾಡಿಗೆ ಬಂದು ಎದುರಿಗೆ ನಿಂತು ಕೇಳಬಹುದಿತ್ತು. ಆದರೆ ನೀವು ಮುಖ ತಿರುಗಿಸುತ್ತೀರಿ, ಅವ್ವ ಅಳುತ್ತಾಳೆ, ಕೆಲಸ ಆಗುವುದಿಲ್ಲ. ಅದಕ್ಕೇ ಕಾಗದ.

ವಿಷಯ ಸೈಕಲ್ಲಿನದು. ಜನವರಿ ಹನ್ನೆರಡನೇ ತಾರೀಖು, ಭಾನುವಾರ, ರೈಲ್ವೆಯ ಆಟಗಾರರ ಕೋಟಾದಲ್ಲಿ ಹೆಣ್ಣುಮಕ್ಕಳ ಆಯ್ಕೆ ಪಂದ್ಯ ಇದೆ. ಇಪ್ಪತ್ತು ಕಿಲೋಮೀಟರ್. ಎರಡೇ ಜಾಗ. ಸಿಕ್ಕರೆ ಕಾಯಂ ನೌಕರಿ. ಮಹಾಪೆಯ ಕಾರ್ಖಾನೆಯಲ್ಲಿ ನಾನು ಮಾಡುತ್ತಿರುವ ಗುಳಿಗೆ ಡಬ್ಬಿಗೆ ಲೇಬಲ್ ಹಚ್ಚುವ ಕೆಲಸವನ್ನು ಗುತ್ತಿಗೆದಾರ ಯಾವತ್ತು ಬೇಕಾದರೂ ನಿಲ್ಲಿಸಬಹುದು. ಆಮೇಲೆ ನಾನು ವಿಠ್ಠಲವಾಡಿಗೆ ವಾಪಸು ಬರಬೇಕು. ಬಂದರೆ ದೊಡ್ಡವರೆಲ್ಲ ಕೂಡಿ ಏನು ಮಾಡುತ್ತಾರೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದ್ದರಿಂದ ಈ ನೌಕರಿ ನನಗೆ ಬೇಕೇ ಬೇಕು.

ಇಷ್ಟು ದಿನ ನೀವು ಕಲಿಸಿದ ಸಾದಾ ಸೈಕಲ್ ಮೇಲೆ ಮೂರು ಪಂದ್ಯ ಗೆದ್ದಿದ್ದೇನೆ. ಈ ಸಲ ಸಾದಾ ಸೈಕಲ್ ನಡೆಯುವುದಿಲ್ಲವಂತೆ, ಪಂದ್ಯಕ್ಕೆಂದೇ ಮಾಡಿದ ರೇಸರ್ ಸೈಕಲ್ ಆಗಬೇಕಂತೆ. ನಾನಿರುವ ಮನೆಯ ಜಲಜಾಕ್ಷಿ ಅಕ್ಕ ಉಡುಪಿ ಕಡೆಯವರು, ಇಲ್ಲಿ ಖಾನಾವಳಿ ನಡೆಸುತ್ತಾರೆ. ಅವರ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಯಾವುದೋ ದೇಶದ ಬಂದರಿನಲ್ಲಿ ಒಂದು ಹಳೆಯ ರೇಸರ್ ಕೊಂಡು, ಗಾಲಿ ಬಿಚ್ಚಿ, ಡಬ್ಬದಲ್ಲಿ ತುಂಬಿ ತಂದರು. ನಾನು ಸೈಕಲ್ ಹೊಡೆಯುವವಳೆಂದು ಅಕ್ಕ ಅದನ್ನು ನನಗೆ ಕೊಡಿಸಿದರು. ಅವರ ತಮ್ಮ ಮರುದಿನವೇ ಹಡಗು ಹತ್ತಿದ್ದರಿಂದ ಏನನ್ನೂ ಕೇಳಿಕೊಳ್ಳಲು ಆಗಲಿಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದೆ. ಟೈರು ಹೆಬ್ಬೆರಳಿನಷ್ಟೇ ಅಗಲ. ಒಂದೇ ಕೈಯಲ್ಲಿ ಎತ್ತಬಹುದು. ಹತ್ತಿದರೆ ಅದೂ ನಡುಗುತ್ತದೆ, ನಾನೂ ನಡುಗುತ್ತೇನೆ.

ಒಂದು ಭಾನುವಾರ ಬಂದು ನೋಡಿ ಹೋಗುತ್ತೀರಾ? ಬರಲಾಗದಿದ್ದರೆ ಹೇಗೆ ಹೊಡೆಯಬೇಕೆಂದು ಬರೆದಾದರೂ ತಿಳಿಸಿ.

ಇಂತಿ ನಮಸ್ಕರಿಸುವ
ಕಾಂಚನಾ


ವಿಠ್ಠಲವಾಡಿ
೯ ನವೆಂಬರ್ ೧೯೯೬

ಕುಮಾರಿ ಕಾಂಚನಾ ಅವರ ಸನ್ನಿಧಾನಕ್ಕೆ,

ನಿನ್ನ ಪತ್ರದ ಮೊದಲ ಸಾಲನ್ನೇ ಮೂರು ಸಲ ಓದಿದೆ. ತೀರ್ಥರೂಪ ಸಮಾನ! ಏಪ್ರಿಲ್‌ನಲ್ಲಿ ನಿಮ್ಮವ್ವ, ಅಂದರೆ ನಮ್ಮಕ್ಕ ಚಂದ್ರಬಾಯಿ, ನನಗೂ ನಿನಗೂ ಅರಿಷಿಣ ಹಚ್ಚುವ ಮಾತಾಡಿದಳು. ನವೆಂಬರ್‌ನಲ್ಲಿ ನಾನು ನಿಮ್ಮಪ್ಪನ ಸಾಲಿಗೆ ಸೇರಿದೆ. ಏಳು ತಿಂಗಳಲ್ಲಿ ಇಷ್ಟು ಮುದುಕನಾದವನು ಈ ವಿಠ್ಠಲವಾಡಿಯಲ್ಲಿ ನಾನೊಬ್ಬನೇ ಇರಬೇಕು. ಕನ್ನಡಿಯಲ್ಲಿ ನೋಡಿಕೊಂಡೆ. ಮೂವತ್ತೆರಡಕ್ಕಿಂತ ಒಂದು ದಿನವೂ ಹೆಚ್ಚು ಕಾಣುವುದಿಲ್ಲ ಮುಖದಲ್ಲಿ, ಹಲ್ಲು ಎಲ್ಲ ನನ್ನವೇ.

ಮಾತು ಬೇಡ. ಸೈಕಲ್ಲಿನ ವಿಷಯಕ್ಕೆ ಬರುತ್ತೇನೆ.

ಘಣಸೋಲಿಗೆ ಬರಲು ನನಗೆ ಪುರುಸೊತ್ತಿಲ್ಲ, ಬರುವ ಅಗತ್ಯವೂ ಇಲ್ಲ. ಬಿಜಾಪುರದ ಪಂದ್ಯದಲ್ಲಿ ಎರಡು ವರ್ಷ ಮೊದಲನೆಯವನಾಗಿ ಬಂದವನು ನಾನು. ಹದಿನಾರು ವರ್ಷದಿಂದ ಇಲ್ಲಿ ಸ್ಟೇಷನ್ ಬದಿಗೆ ತಗಡಿನ ಕೆಳಗೆ ಕೂತು ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದೇನೆ. ಸೈಕಲ್ ಎಂದರೆ ಎರಡು ಗಾಲಿ, ಒಂದು ಚೈನು, ಮೇಲೊಂದು ಮೂರ್ಖ ಪ್ರಾಣಿ. ಇದರಲ್ಲಿ ಹೋಗಿ ನೋಡುವಂಥದ್ದು ಏನಿದೆ? ಹಡಗಿನಲ್ಲಿ ಬಂದ ಮಾತ್ರಕ್ಕೆ ಅದಕ್ಕೆ ಮೂರನೇ ಗಾಲಿ ಬಂದಿರುವುದಿಲ್ಲ. ಬಣ್ಣದ ಬೊಂಬೆ ಕಂಡ ಕೂಡಲೆ ನಮ್ಮ ಮಂದಿಗೆ ಕಣ್ಣು ಕೆಡುತ್ತದೆ. ಇಪ್ಪತ್ತೆರಡು ಕಿಲೋ ಕಬ್ಬಿಣದ ಮೇಲೆ ಮೂರು ಸಲ ಗೆದ್ದವಳಿಗೆ ಈಗ ಟಗರಿನ ಕೊಂಬು ಬೇಕಾಗಿದೆ.

ಕೇಳಿದ್ದೀ ಎಂದು ಹೇಳುತ್ತೇನೆ, ಗಮನವಿಟ್ಟು ಓದು. ಸಾದಾ ಸೈಕಲ್ ಎಮ್ಮೆ ಇದ್ದ ಹಾಗೆ, ನೀನು ನಿದ್ದೆ ಹೋದರೂ ಮನೆಗೆ ಮುಟ್ಟಿಸುತ್ತದೆ. ಇದು ಹಾಗಲ್ಲ. ಮೊದಲ ಎಂಟು ದಿನ ರಸ್ತೆಗೆ ಹೋಗಲೇಬೇಡ. ಖಾಲಿ ಮೈದಾನದಲ್ಲಿ ಸುತ್ತು. ಕೊಂಬಿನ ಕೆಳಭಾಗ ಹಿಡಿದು ಹೀರೋಯಿನ್ನಿನ ಹಾಗೆ ಬಾಗಬೇಡ, ಮೇಲ್ಭಾಗ ಹಿಡಿ. ಮೊಣಕೈ ಬಿಗಿ ಹಿಡಿಯಬೇಡ. ಗಾಳಿ ಎಷ್ಟಿರಬೇಕೆಂದರೆ ಹೆಬ್ಬೆರಳಲ್ಲಿ ಒತ್ತಿದರೆ ಬೆರಳೇ ನೋಯಬೇಕು. ರಸ್ತೆಯಂಚಿನ ಗಟಾರದ ಜಾಲರಿ ಕಂಡರೆ ದೂರ ಸರಿ, ಅಂಥ ತೆಳು ಗಾಲಿಯನ್ನು ಅದು ನುಂಗಿಬಿಡುತ್ತದೆ. ಕಾರ್ಖಾನೆಗಳ ಕಡೆ ಹಳೆಯ ರೈಲು ಹಳಿ ಅಡ್ಡ ಬಂದರೆ ನೇರ ದಾಟು, ಓರೆಯಾಗಿ ದಾಟಿದರೆ ಹಲ್ಲು ಕಳೆದುಕೊಳ್ಳುತ್ತೀ. ಬ್ರೇಕು ಒಂದೇ ಸಲ ಹಿಡಿಯಬೇಡ, ಎರಡೂ ಕೈಯಲ್ಲಿ ಸ್ವಲ್ಪ ಸ್ವಲ್ಪ ಹಿಡಿ. ತಿರುವಿನ ಮೊದಲೇ ಹಿಡಿ, ತಿರುವಿನಲ್ಲಿ ಹಿಡಿಯಬೇಡ. ಬೇಲಾಪುರ ರಸ್ತೆಯ ಲಾರಿಯವರು ನಿನ್ನನ್ನು ನೋಡುತ್ತಾರೆ ಎಂಬ ಭ್ರಮೆ ಬಿಡು.

ಇಷ್ಟೇ. ಇದನ್ನು ಕೇಳಲು ಊರಿಗೆಲ್ಲ ನಾನೊಬ್ಬನೇ ಸಿಕ್ಕಿದೆನಲ್ಲ, ಆಶ್ಚರ್ಯ. ಲಗ್ನಕ್ಕೆ ಬೇಡವಾದವನು ಪಂಕ್ಚರಿಗೆ ಬೇಕಾದ.

ಅಂಬರೀಶ


ಘಣಸೋಲಿ
೧೭ ನವೆಂಬರ್ ೧೯೯೬

ಮಾಮಾ ಅವರಿಗೆ ನಮಸ್ಕಾರಗಳು.

ಮೇಲೆ ಏನು ಬರೆದರೆ ನಿಮಗೆ ಸಿಟ್ಟು ಬರುವುದಿಲ್ಲವೋ ಅದನ್ನು ತಿಳಿಸಿ, ಹಾಗೇ ಬರೆಯುತ್ತೇನೆ.

ನೀವು ಹೇಳಿದ್ದನ್ನೆಲ್ಲ ಮಾಡುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಎದ್ದು ಹಳೆ ಊರಿನ ಹಿಂದಿನ ಖಾಲಿ ಸೆಕ್ಟರ್‌ನಲ್ಲಿ ಸುತ್ತುತ್ತೇನೆ. ಅಲ್ಲಿ ರಸ್ತೆ ಇದೆ, ಮನೆಗಳಿಲ್ಲ. ಮೊದಲ ದಿನ ನಾಲ್ಕು ಸಲ ಬಿದ್ದೆ. ಪೆಡಲಿಗೆ ಪಾದ ಕಟ್ಟುವ ಚರ್ಮದ ಪಟ್ಟಿ ಇದೆ. ನಿಲ್ಲಿಸಿದಾಗ ಪಾದ ಬಿಡಿಸಿಕೊಳ್ಳಲು ಮರೆತು, ನಿಂತ ಜಾಗದಲ್ಲೇ ಕಡಿದ ಬಾಳೆಗಿಡದ ಹಾಗೆ ಅಡ್ಡ ಬಿದ್ದೆ. ನೋಡುತ್ತಿದ್ದ ಹಳೆ ಊರಿನ ಆಗ್ರಿ ಜನದ ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಈಗ ಪಟ್ಟಿ ಸಡಿಲ ಬಿಡುತ್ತೇನೆ, ನಿಲ್ಲುವ ಹತ್ತು ಮಾರು ಮೊದಲೇ ಎಡಗಾಲು ಬಿಡಿಸಿಕೊಳ್ಳುತ್ತೇನೆ. ಬೀಳುವುದು ನಿಂತಿದೆ. ಅರ್ಧ ಗಂಟೆ ಓಡಿಸಿದರೆ ಕತ್ತು ಹಿಡಿಯುತ್ತದೆ, ಆದರೆ ಓಡುತ್ತದೆ ಮಾಮಾ, ಎಷ್ಟು ಓಡುತ್ತದೆ! ಸಾದಾ ಸೈಕಲ್ಲಿನಲ್ಲಿ ನಾನು ತುಳಿದದ್ದರಲ್ಲಿ ಅರ್ಧವನ್ನು ಕಬ್ಬಿಣವೇ ತಿನ್ನುತ್ತಿತ್ತು ಎಂದು ಈಗ ತಿಳಿಯಿತು.

ಜಲಜಾಕ್ಷಿ ಅಕ್ಕ ಇದನ್ನು ಮೊದಲ ಸಲ ನೋಡಿ, "ಎಂಥ ಮಾರಾಯ್ತಿ, ಇದು ಸೈಕಲ್ಲಾ ಒಣಗಿಸಿದ ಮೀನಾ? ಮುಳ್ಳು ಮಾತ್ರ ಉಂಟಲ್ಲ!" ಎಂದರು.

ಒಂದು ಸಂಶಯ ಇದೆ. ನಮ್ಮ ಸಾದಾ ಸೈಕಲ್ಲಿನಲ್ಲಿ ಮುಂದಿನ ಗಾಲಿಯನ್ನು ಎರಡು ಕಡೆ ನಟ್ಟು ಹಾಕಿ ಪಾನಾದಿಂದ ಬಿಗಿಯುತ್ತೀರಲ್ಲ, ಇದರಲ್ಲಿ ನಟ್ಟು ಇಲ್ಲ. ಒಂದು ಬದಿಗೆ ಬೆರಳುದ್ದದ ಹಿಡಿ ಇದೆ, ಇನ್ನೊಂದು ಬದಿಗೆ ಸಣ್ಣ ಗುಂಡಿ. ಖೋಲಿ ಚಿಕ್ಕದಾದ್ದರಿಂದ ದಿನಾ ರಾತ್ರಿ ಮುಂದಿನ ಗಾಲಿ ಬಿಚ್ಚಿ ಸೈಕಲ್ಲನ್ನು ಕಪಾಟಿನ ಸಂದಿಯಲ್ಲಿ ಇಡುತ್ತೇನೆ, ಬೆಳಿಗ್ಗೆ ಮತ್ತೆ ಹಾಕುತ್ತೇನೆ. ಆ ಹಿಡಿಯ ಒಂದು ಮೈಮೇಲೆ 'ಓಪನ್' ಎಂದೂ ಇನ್ನೊಂದು ಮೈಮೇಲೆ 'ಕ್ಲೋಸ್' ಎಂದೂ ಇಂಗ್ಲಿಷಿನಲ್ಲಿ ಕೊರೆದಿದ್ದಾರೆ. ನಾನು ಎಷ್ಟು ತಿರುಗಿಸಿ ಬಿಗಿ ಮಾಡಿದರೂ ಹೊರಗೆ ಕಾಣುವುದು 'ಓಪನ್' ಅಕ್ಷರವೇ. ಇದು ಸರಿಯೇ? ಇದನ್ನು ಹೇಗೆ ಹಾಕಬೇಕು?

ಇಂತಿ
ಕಾಂಚನಾ


ವಿಠ್ಠಲವಾಡಿ
೨೫ ನವೆಂಬರ್ ೧೯೯೬

ಕಾಂಚನಾಳಿಗೆ,

ನಿನ್ನನ್ನು ಹತ್ತನೆಯವರೆಗೆ ಓದಿಸಲು ಹೇಳಿದವನು ನಾನು. ನಮ್ಮಕ್ಕ ಏಳನೆಯದಕ್ಕೇ ಬಿಡಿಸುತ್ತೇನೆಂದಿದ್ದಳು. ಅವಳ ಮಾತು ಕೇಳಬೇಕಿತ್ತು. ಇಂಗ್ಲಿಷ್ ಅಕ್ಷರ ಕಂಡಲ್ಲೆಲ್ಲ ನಿಂತು ಓದುವುದು ಒಂದು ರೋಗ, ಅದು ನಿನಗೆ ಹಿಡಿದಿದೆ. ಬೆಂಕಿಪೆಟ್ಟಿಗೆಯ ಮೇಲೂ ಏನೋ ಬರೆದಿರುತ್ತದೆ, ಅದನ್ನು ಓದಿ ಯಾರಾದರೂ ಕಡ್ಡಿ ಕೊರೆಯುತ್ತಾರೆಯೇ?

ಕೈಯಿಂದ ತಿರುಗಿಸುವ ಎರಡು ಕಿವಿಯ ನಟ್ಟು ನೋಡಿದ್ದೀಯಲ್ಲ, ನೀರೆತ್ತುವ ಪಂಪಿಗೆ ಇರುತ್ತದೆ. ಇದು ಅದೇ. ಪಾನಾ ಹಿಡಿಯಲು ಬಾರದ ಆ ದೇಶದ ಬೆಣ್ಣೆ ಕೈಯವರಿಗಾಗಿ ಒಂದು ಕಿವಿಯನ್ನು ಉದ್ದ ಮಾಡಿದ್ದಾರೆ, ಅಷ್ಟೇ. ಗುಂಡಿಯನ್ನು ಒಂದು ಕೈಯಲ್ಲಿ ಹಿಡಿದು ಹಿಡಿಯನ್ನು ಬಲಕ್ಕೆ ತಿರುಗಿಸು. ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸು. ಓಪನ್ನೋ ಕ್ಲೋಸೋ ಯಾವ ಅಕ್ಷರವಾದರೂ ಕಾಣಲಿ, ನೀನು ರಸ್ತೆ ನೋಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಸೈಕಲ್ ಹೊಡೆಯಲು ಹೆದರಿಕೆ, ನೆಪಕ್ಕೆ ಒಂದು ಹಿಡಿ.

ಅಕ್ಕ ಟಿಟ್ವಾಳಾದ ಒಂದು ಮನೆಗೆ ಹೋಗಿ ನನಗೆ ಹೆಣ್ಣು ನೋಡಿಕೊಂಡು ಬಂದಿದ್ದಾಳೆ. ಹುಡುಗಿಗೆ ಅಡಿಗೆ ಬರುತ್ತದಂತೆ, ಎದುರು ಮಾತಾಡುವುದಿಲ್ಲವಂತೆ. ನೋಡೋಣ ಎಂದೆ. ಹೂಂ ಅನ್ನಲಿಲ್ಲ. ಏಪ್ರಿಲ್‌ನಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಅಕ್ಕ ನಿನ್ನನ್ನು ಕೇಳಿದಳು, "ಯಾಕ ಬ್ಯಾಡ ಅಂತೀ? ಒಂದರೆ ಕಾರಣ ಹೇಳ, ಕುಡಿತಾನೇನು? ಜೂಜಾಡತಾನೇನು?" ಎಂದು. ನೀನು ಒಂದು ಕಾರಣವನ್ನೂ ಹೇಳಲಿಲ್ಲ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ತಮ್ಮನಿಗೆ ಮೊದಲ ಹಕ್ಕು, ಅದನ್ನು ನಾನು ಮಾಡಿದ್ದಲ್ಲ. ಕಾರಣವಿಲ್ಲದೆ ಬೇಡವೆನ್ನಿಸಿಕೊಂಡವನು ಓಣಿಯಲ್ಲಿ ಹೇಗೆ ತಲೆಯೆತ್ತಿ ನಡೆಯಬೇಕು? ಕುಡುಕ ಎಂದಿದ್ದರೂ ಆಗುತ್ತಿತ್ತು. ಕುಡಿಯುವುದನ್ನಾದರೂ ಬಿಡುತ್ತಿದ್ದೆ.

ಇರಲಿ. ನಟ್ಟು ಬಿಗಿ ಮಾಡು. ಇದೇ ಪ್ರಶ್ನೆ ಮತ್ತೆ ಕೇಳಬೇಡ.

ಅಂಬರೀಶ


ಘಣಸೋಲಿ
೪ ಡಿಸೆಂಬರ್ ೧೯೯೬

ಮಾಮಾ ಅವರಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೆ ತಿರುಗಿಸಿ ಬಿಗಿ ಮಾಡುತ್ತಿದ್ದೇನೆ. ಬೆರಳಿಗೆ ಗುಳ್ಳೆ ಬರುವಷ್ಟು ಬಿಗಿ. 'ಓಪನ್' ಇನ್ನೂ ಹೊರಗೇ ಇದೆ, ಆದರೆ ನೀವು ಹೇಳಿದ ಮೇಲೆ ಮುಗಿಯಿತು. ಸೈಕಲ್ಲಿನ ವಿಷಯದಲ್ಲಿ ನೀವು ಹೇಳಿದ್ದು ಇವತ್ತಿನವರೆಗೆ ತಪ್ಪಿದ್ದು ನಾನು ನೋಡಿಲ್ಲ.

ಸಪಾಟು ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರನ್ನು ಮೂವತ್ತೊಂಬತ್ತು ನಿಮಿಷದಲ್ಲಿ ಮುಗಿಸಿದೆ. ಕಾರ್ಖಾನೆಯ ಭೀಮಮ್ಮ ಗಡಿಯಾರ ಹಿಡಿದು ನಿಂತಿದ್ದಳು. ಹೋದ ವರ್ಷ ಇದೇ ಪಂದ್ಯದಲ್ಲಿ ಎರಡನೆಯವಳು ನಲವತ್ತು ತೆಗೆದುಕೊಂಡಿದ್ದಳಂತೆ. ಅಂದರೆ ನನಗೆ ಸಿಗಬಹುದು. ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆಂದು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಬರೆಯುತ್ತಿದ್ದೇನೆ.

ಉಳಿದದ್ದು ಇಳಿಜಾರು. ಪಂದ್ಯದ ದಾರಿಯಲ್ಲಿ ಒಂದು ಉದ್ದ ಇಳಿಜಾರು ಇದೆ, ಅಲ್ಲಿ ಬ್ರೇಕು ಹಿಡಿದು ಹಿಡಿದು ಇಳಿದರೆ ಒಂದು ನಿಮಿಷ ಹೋಗುತ್ತದೆ. ಅದಕ್ಕೆ ಡಿಸೆಂಬರ್ ಹದಿನೈದು, ಭಾನುವಾರ ಬೆಳಿಗ್ಗೆ ಆರಕ್ಕೆ, ಲಾರಿಗಳು ಕಡಿಮೆಯಿರುವಾಗ, ಶೀಳ್ ಕಡೆಯಿಂದ ಮಹಾಪೆಗೆ ಇಳಿಯುವ ರಸ್ತೆಯಲ್ಲಿ ಮೊದಲ ಸಲ ಬ್ರೇಕು ಮುಟ್ಟದೆ ಇಳಿಯುತ್ತೇನೆ. ರಸ್ತೆ ಅಲ್ಲಲ್ಲಿ ಕಿತ್ತುಹೋಗಿದೆ. ಹೇಗೆ ಇಳಿಯಬೇಕು, ಮೈ ಎಲ್ಲಿಡಬೇಕು, ಬೇರೆ ಏನಾದರೂ ನೋಡಿಕೊಳ್ಳಬೇಕಾದ್ದು ಇದ್ದರೆ ಹದಿನಾಲ್ಕರೊಳಗೆ ನನಗೆ ಮುಟ್ಟುವ ಹಾಗೆ ಬರೆಯಿರಿ. ಬೈದೇ ಬರೆಯಿರಿ, ಅಡ್ಡಿಯಿಲ್ಲ.

ಟಿಟ್ವಾಳಾದ ಹುಡುಗಿ ಒಳ್ಳೆಯವಳಿದ್ದರೆ ಹೂಂ ಅನ್ನಿ ಮಾಮಾ.

ಇಂತಿ
ಕಾಂಚನಾ


ಘಣಸೋಲಿ
೧೮ ಡಿಸೆಂಬರ್ ೧೯೯೬

ಶ್ರೀ ಅಂಬರೀಶ ಅವರಿಗೆ,

ನಾನು ಜಲಜಾಕ್ಷಿ. ನಿಮ್ಮ ಅಕ್ಕನ ಮಗಳು ಇರುವುದು ನಮ್ಮ ಮನೆಯಲ್ಲಿ. ನಿಮಗೆ ಪತ್ರ ಬರೆಯುವ ಆಸೆ ನನಗೇನೂ ಇಲ್ಲ. ಅವಳ ಕೈ ಕಟ್ಟಿದ್ದಾರೆ, ತುಟಿ ಹೊಲಿದಿದ್ದಾರೆ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಅವಳ ತಾಯಿಗೆ ಆಗಲೇ ಹೇಳಿ ಕಳಿಸಿದ್ದೇನೆ.

ಭಾನುವಾರ ಬೆಳಿಗ್ಗೆ ಮಹಾಪೆಯ ಇಳಿಜಾರಿನಲ್ಲಿ ಅವಳು ಬಿದ್ದಳು. ಬಿದ್ದಳು ಅಂದರೆ ಅವಳ ತಪ್ಪೆಂದು ತಿಳಿಯಬೇಡಿ. ಕಿತ್ತುಹೋದ ರಸ್ತೆಯಲ್ಲಿ ಸೈಕಲ್ ಎರಡು ಸಲ ಎಗರಿದ್ದಕ್ಕೆ ಮುಂದಿನ ಗಾಲಿ ತನ್ನಷ್ಟಕ್ಕೆ ಕಳಚಿಕೊಂಡು ಮುಂದೆ ಹೋಯಿತು. ಸೈಕಲ್ ಹಿಂದೆ ಉಳಿಯಿತು. ಇವಳು ಮಧ್ಯದಲ್ಲಿ ರಸ್ತೆಗೆ ಮುಖ ಕೊಟ್ಟಳು. ಎಡ ಹೆಗಲಿನ ಕಾಲರ್ ಎಲುಬು ಮುರಿದಿದೆ. ಮುಂದಿನ ಎರಡು ಹಲ್ಲು ಹೋಗಿವೆ. ಹಿಂದಿನಿಂದ ಬರುತ್ತಿದ್ದ ಟೆಂಪೋದವನು ಬ್ರೇಕ್ ಹಾಕಿದ್ದಕ್ಕೆ ಇವತ್ತು ಅವಳ ಶ್ರಾದ್ಧದ ಬದಲು ಅವಳಿಗೆ ಗಂಜಿ ಬೇಯಿಸುತ್ತಿದ್ದೇನೆ. ಆರು ವಾರ ಕೈ ಅಲ್ಲಾಡಿಸಬಾರದು ಅಂದರು ಡಾಕ್ಟರು. ಜನವರಿ ಹನ್ನೆರಡು ಹೋಯಿತು.

ನನ್ನ ತಮ್ಮ ಸಂಕರ್ಷಣನ ಹಡಗು ಸಿಂಗಾಪುರ ಮುಟ್ಟಿತ್ತು. ನಿನ್ನೆ ನಮ್ಮ ಕೆಳಗಿನ ಬೂತಿಗೆ ಫೋನ್ ಮಾಡಿದ. ಗಾಲಿ ಹೇಗೆ ಕಳಚಿತೆಂದು ಕೇಳಿದೆ. "ಆ ಹಿಡಿ ತಿರುಗಿಸ್ಲಿಕ್ಕೆ ಇರುದಲ್ಲ ಅಕ್ಕ, ಮಡಚ್ಲಿಕ್ಕೆ ಇರುದು. ಬಾಗಿಲಿನ ಅಗಳಿ ಹಾಕಿದ ಹಾಗೆ ಅಂಗೈಯಲ್ಲಿ ಒತ್ತಿ ಆಚೆ ಮಗ್ಗುಲಿಗೆ ಮಡಚಿದ್ರೆ ಕ್ಲೋಸ್ ಅಂತ ಕಾಣ್ತದೆ, ಆಗ್ಲೇ ಅದು ಹಿಡಿಯುದು. ತಿರುಗಿಸಿದ್ರೆ ಗಟ್ಟಿ ಆದ ಹಾಗೆ ಕಾಣ್ತದೆ, ಹಿಡಿದಿರುದಿಲ್ಲ. ಯಾರು ಹೇಳಿದ್ದು ಅವಳಿಗೆ ತಿರುಗಿಸ್ಲಿಕ್ಕೆ?" ಎಂದ.

ಯಾರು ಹೇಳಿದ್ದೆಂದು ನನಗೆ ಗೊತ್ತುಂಟು. ನಿಮ್ಮ ಪತ್ರಗಳನ್ನು ಅವಳು ದೇವರ ಪಟದ ಹಿಂದೆ ಇಟ್ಟಿದ್ದಾಳೆ, ನಾನು ತೆಗೆದು ಓದಿದೆ. ಓದಿದ್ದಕ್ಕೆ ನಾಚಿಕೆಯಿಲ್ಲ. ಏನು ಭಾಷೆ, ಏನು ಗತ್ತು! ಹದಿನಾರು ವರ್ಷದ ಪಾನಾ, ಬಿಜಾಪುರದ ಪಂದ್ಯ, ಬೆಣ್ಣೆ ಕೈಯವರು. ನೋಡದ ವಸ್ತುವಿನ ಮೇಲೆ ಒಂದೂವರೆ ಪುಟ ಬರೆದಿದ್ದೀರಿ ಮಾರಾಯ್ರೆ. 'ಗೊತ್ತಿಲ್ಲ' ಎಂದು ಮೂರು ಅಕ್ಷರ ಬರೆಯಲು ನಿಮ್ಮ ಪೆನ್ನಿನಲ್ಲಿ ಶಾಯಿ ಇರಲಿಲ್ಲವಾ? ನಮ್ಮ ಖಾನಾವಳಿಯಲ್ಲಿ ಸಾರು ಹುಳಿಯಾಗಿದೆಯಾ ಎಂದು ಕೇಳಿದರೆ ತಟ್ಟೆ ತೊಳೆಯುವ ಸಾಬವ್ವ ಕೂಡ ರುಚಿ ನೋಡಿ ಹೇಳುತ್ತಾಳೆ.

ಹುಡುಗಿ ಅಳುತ್ತಿರುವುದು ಎಲುಬಿಗಲ್ಲ. "ಮಾಮಾ ಹೇಳಿದ್ರು, ನಾ ಸರಿಯಾಗಿ ಬಿಗಿ ಮಾಡಿಲ್ಲ ಕಾಣಸ್ತದ" ಎಂದು ಒಂದೇ ಸಮನೆ ಹೇಳಿಕೊಂಡು ಅಳುತ್ತಿದ್ದಳು. ತಮ್ಮ ಫೋನ್ ಮಾಡಿದ ಮೇಲೆ ಅಳುವುದು ನಿಂತಿದೆ. ಈಗ ಗೋಡೆ ನೋಡಿಕೊಂಡು ಮಲಗಿದ್ದಾಳೆ. ಅಳುತ್ತಿದ್ದದ್ದೇ ಚೆನ್ನಾಗಿತ್ತು.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ನಿಮ್ಮದು. ಇಲ್ಲಿ ಬಿದ್ದದ್ದು ನೀವೂ ಅಲ್ಲ.

ಜಲಜಾಕ್ಷಿ


ವಿಠ್ಠಲವಾಡಿ
೨೯ ಡಿಸೆಂಬರ್ ೧೯೯೬

ಚಿ. ಕಾಂಚನಾಳಿಗೆ,

ಅಕ್ಕ ನಿನ್ನನ್ನು ನೋಡಿಕೊಂಡು ಬಂದಳು. ಗಂಜಿ ಕುಡಿಯುತ್ತೀ ಎಂದಳು. ಅವಳ ಜೊತೆ ನಾನೂ ರೈಲಿನಲ್ಲಿ ಠಾಣೆ ಊರಿನವರೆಗೆ ಬಂದಿದ್ದೆ. ಅಲ್ಲಿ ಘಣಸೋಲಿಯ ಬಸ್ಸು ಬಂದು ನಿಂತಿತು, ಅಕ್ಕ 'ಹತ್ತೋ' ಎಂದಳು, ನಾನು ಹತ್ತಲಿಲ್ಲ. ಅವಳು ಒಬ್ಬಳೇ ಹೋದಳು. ಅವಳು ವಾಪಸು ಬರುವವರೆಗೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ.

ಆ ಖಾನಾವಳಿಯ ಹೆಂಗಸು ನನಗೆ ಬರೆದದ್ದನ್ನು ನಾನು ಯಾರಿಂದಲೂ ಕೇಳಿಸಿಕೊಳ್ಳುವವನಲ್ಲ. ಆದರೆ ಅವಳಿಗೆ ಅರ್ಧ ಮಾತ್ರ ಗೊತ್ತು. ಇನ್ನರ್ಧ ನನಗೆ ಮಾತ್ರ ಗೊತ್ತು. ಅದನ್ನು ಹೇಳದಿದ್ದರೆ ನಾನು ಉಣ್ಣುವ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಹತ್ತು ದಿನದಿಂದ ಇಳಿದಿಲ್ಲ.

ಡಿಸೆಂಬರ್ ಏಳಕ್ಕೆ, ಶನಿವಾರ, ನಿನ್ನ ಕೊನೆಯ ಪತ್ರ ಬಂತು. ಅದೇ ಮಧ್ಯಾಹ್ನ ಗಾಲಿಯ ಕಡ್ಡಿ ತರಲು ಕಲ್ಯಾಣದ ಸೈಕಲ್ ಅಂಗಡಿಗೆ ಹೋಗಿದ್ದೆ. ನಿನ್ನ ಪತ್ರ ಕಿಸೆಯಲ್ಲಿತ್ತು. ಅಂಗಡಿಯಲ್ಲಿ ನಿನ್ನದರಂಥದೇ ಒಂದು ಸೈಕಲ್ ರಿಪೇರಿಗೆ ಬಂದಿತ್ತು. ಕೊಂಬಿನ ಹ್ಯಾಂಡಲ್, ತೆಳು ಗಾಲಿ, ಅದೇ ಹಿಡಿ. ನಾನು ಹೋಗಿ ಗತ್ತಿನಿಂದ ಆ ಹಿಡಿಯನ್ನು ತಿರುಗಿಸಿದೆ. ಅಂಗಡಿಯ ಮುದುಕ ನಕ್ಕು, "ಘುಮಾವ್ ಮತ್ ಭಾಯಿ, ದಬಾವ್" ಎಂದ. ತಿರುಗಿಸಬೇಡ, ಒತ್ತು ಎಂದು. ಅಂಗೈಯಿಂದ ಒತ್ತಿ ಮಡಚಿ ತೋರಿಸಿದ. 'ಕ್ಲೋಸ್' ಅಕ್ಷರ ಹೊರಗೆ ಬಂತು. ಎಣಿಸಿದರೆ ಎರಡು ಸೆಕೆಂಡಿನ ಕೆಲಸ. ಅಲ್ಲಿದ್ದ ನಾಲ್ಕು ಗಿರಾಕಿಗಳೂ ನಕ್ಕರು.

ಮನೆಗೆ ಬಂದವನೇ ಇನ್‌ಲ್ಯಾಂಡ್ ಲೆಟರ್ ತೆಗೆದು 'ಚಿ. ಕಾಂಚನಾಳಿಗೆ' ಎಂದು ಬರೆದೆ. ಮುಂದಿನ ಸಾಲು 'ನಾನು ಹೇಳಿದ್ದು ತಪ್ಪು' ಎಂದಾಗಬೇಕಿತ್ತು. ಪೆನ್ನು ಮುಂದೆ ಹೋಗಲಿಲ್ಲ. ಹರಿದು ಹಾಕಿದೆ. ಸೋಮವಾರ ಇನ್ನೊಂದು, ಬುಧವಾರ ಇನ್ನೊಂದು. ಬೇಡವೆಂದ ಹುಡುಗಿಯ ಮುಂದೆ ನನ್ನ ಹತ್ತಿರ ಉಳಿದದ್ದು ಒಂದೇ, ಸೈಕಲ್ಲಿನ ವಿಷಯದಲ್ಲಿ ನಾನು ತಪ್ಪುವುದಿಲ್ಲ ಎಂಬುದು. ಅದನ್ನೂ ಬರೆದುಕೊಟ್ಟುಬಿಟ್ಟರೆ ನಾನು ಯಾರು? ಇಷ್ಟು ದಿನ ಏನೂ ಆಗಿಲ್ಲ, ಇನ್ನೂ ಆಗಲಿಕ್ಕಿಲ್ಲ ಎಂದುಕೊಂಡೆ. ಮತ್ತೊಂದು ಸಲ ಕೇಳಲಿ, ಆಗ ಹೇಳಿದರಾಯಿತು ಎಂದುಕೊಂಡೆ. ಮತ್ತೆ ಕೇಳಬೇಡ ಎಂದು ಬರೆದವನೂ ನಾನೇ.

ಇನ್ನೊಂದು ಇದೆ. ಹದಿಮೂರನೇ ತಾರೀಖು ಒಂದು ಗಳಿಗೆ, ಬಿದ್ದರೆ ಬೀಳಲಿ, ಬಿದ್ದ ಮೇಲೆ ಈ ಕಡೆಗೇ ಬರುತ್ತಾಳೆ ಎನ್ನಿಸಿತು. ಒಂದೇ ಗಳಿಗೆ. ಕೂಡಲೆ ಕೆನ್ನೆಗೆ ಹೊಡೆದುಕೊಂಡೆ. ಆದರೆ ಎನ್ನಿಸಿದ್ದು ಎನ್ನಿಸಿತು. ಇಂಥ ನಾಯಿ ನಾನು.

ಅಕ್ಕ ಹೇಳುತ್ತಿದ್ದಾಳೆ, ಹಲ್ಲು ಹೋದ ಹುಡುಗಿಗೆ ಇನ್ನು ಗಂಡು ಸಿಗುವುದು ಕಷ್ಟ ಎಂದು. ಟಿಟ್ವಾಳಾದವರಿಗೆ ನಾನು ಬೇಡ ಎಂದು ಹೇಳಿ ಕಳಿಸಿದ್ದೇನೆ. ಆದದ್ದಕ್ಕೆ ನಾನು ಹೊಣೆ, ಹೊಣೆ ಹೊರುವುದು ಗಂಡಸಿನ ಕೆಲಸ. ಹಲ್ಲು ನಾನು ಕಟ್ಟಿಸಿಕೊಡುತ್ತೇನೆ. ನಿನ್ನ ಕೈ ಕೂಡುವವರೆಗೆ ಕಾಯುತ್ತೇನೆ. ನೀನು ಕಾರಣ ಹೇಳದೆ ಬೇಡವೆಂದದ್ದನ್ನು ಮರೆಯುತ್ತೇನೆ. ನನ್ನ ಕಡೆಯಿಂದ ಬಾಗಿಲು ತೆರೆದೇ ಇದೆ. ಹೂಂ ಎಂದು ಒಂದು ಸಾಲು ಬರೆ.

ನಿನ್ನ
ಅಂಬರೀಶ


ಘಣಸೋಲಿ
೧೪ ಜನವರಿ ೧೯೯೭

ಮಾಮಾ,

ಮುರಿದದ್ದು ಎಡಗಡೆಯ ಎಲುಬು, ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಮಾತಾಡಿದರೆ ಹಲ್ಲಿಲ್ಲದ ಸಂದಿಯಿಂದ ಗಾಳಿ ಹೋಗುತ್ತದೆ, ಬರೆಯಲು ಏನೂ ತೊಂದರೆಯಿಲ್ಲ.

ಭಾನುವಾರ ಪಂದ್ಯ ನೋಡಲು ಹೋಗಿದ್ದೆ. ಹೋಗಬೇಡವೆಂದು ಜಲಜಾಕ್ಷಿ ಅಕ್ಕ ಬೈದು, ಆಮೇಲೆ ತಾವೇ ಜೊತೆಗೆ ಬಂದರು. ಕೈ ಕಟ್ಟಿಕೊಂಡು ರಸ್ತೆಯ ಬದಿಗೆ ನಿಂತು ನೋಡಿದೆ. ಹನ್ನೊಂದು ಹುಡುಗಿಯರಿದ್ದರು. ಎರಡನೆಯವಳು ನಲವತ್ತು ನಿಮಿಷ ಇಪ್ಪತ್ತು ಸೆಕೆಂಡು ತೆಗೆದುಕೊಂಡಳು. ಅವಳಿಗೆ ನೌಕರಿ ಆಯಿತು. ಅವಳಪ್ಪ ಅವಳನ್ನು ಎತ್ತಿಕೊಂಡು ಕುಣಿದ. ನನಗೆ ಅಳು ಬಂತು, ಅತ್ತೆ. ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಬೇರೆಯವಳು ಬಂದಿದ್ದಾಳೆ. ಈಗ ಖಾನಾವಳಿಯಲ್ಲಿ ಒಂದು ಕೈಯಿಂದ ಆಗುವ ಕೆಲಸ ಮಾಡುತ್ತಿದ್ದೇನೆ. ವಿಠ್ಠಲವಾಡಿಗೆ ಬರುವುದಿಲ್ಲ.

ನಿಮ್ಮ ಪತ್ರವನ್ನು ತುಂಬ ಸಲ ಓದಿದೆ. ಮೊದಲ ಸಲ ಓದಿದಾಗ ನಿಮ್ಮ ಮೇಲೆ ಕರುಣೆ ಬಂತು. ನಿಜ ಹೇಳಿದರಲ್ಲ ಎನ್ನಿಸಿತು. ಕೊನೆಗೆ ಬರುವಾಗ ಕರುಣೆ ಹೋಯಿತು. ಏಳಕ್ಕೆ ನಿಮಗೆ ಗೊತ್ತಾಯಿತು. ನಾನು ಬಿದ್ದದ್ದು ಹದಿನೈದಕ್ಕೆ. ನಮ್ಮ ಕಾಗದಗಳಿಗೆ ಮೂರು ದಿನ ಹಿಡಿಯುತ್ತದೆ. ನಿಮಗೆ ಬರಬೇಕೆಂದಿದ್ದರೆ ರೈಲು ಬಸ್ಸು ಸೇರಿ ಎರಡು ತಾಸು. ಎಂಟು ದಿನ ನೀವು ನಿಮ್ಮ ಮರ್ಯಾದೆಯನ್ನು ಕಾಯುತ್ತಾ ಕೂತಿರಿ, ನಾನು ಪ್ರತಿ ದಿನ ಬೆಳಿಗ್ಗೆ ನೀವು ಹೇಳಿದ್ದೆಂದು ಕಣ್ಣು ಮುಚ್ಚಿ ಆ ಹಿಡಿ ತಿರುಗಿಸಿದೆ. ತಪ್ಪು ಹೇಳಿದ್ದನ್ನು ನಾನು ಯಾವತ್ತೋ ಮರೆಯುತ್ತಿದ್ದೆ. ನೋಡದ ಸೈಕಲ್, ಯಾರಿಗಾದರೂ ತಪ್ಪುತ್ತದೆ.

ಈಗ ಹೊಣೆ ಹೊರುವ ಗಂಡಸಾಗಿದ್ದೀರಿ. ನನ್ನ ಹಲ್ಲು ಮುರಿದು, ಹಲ್ಲಿಲ್ಲದವಳಿಗೆ ಗಂಡು ಸಿಗುವುದಿಲ್ಲವೆಂದು ಹೇಳಿ, ನಾನೇ ಇದ್ದೇನೆ ಎಂದು ಬಾಗಿಲು ತೆರೆದು ನಿಂತಿದ್ದೀರಿ. ಇದನ್ನು ಬರೆಯುವಾಗ ನಿಮಗೆ ನಗು ಬರಲಿಲ್ಲವೇ? ನನಗೆ ಬಂತು. ನಕ್ಕರೆ ತುಟಿ ಹೊಲಿದ ಜಾಗ ಇನ್ನೂ ನೋಯುತ್ತದೆ, ಆದರೂ ನಕ್ಕೆ. ಹಲ್ಲು ನೀವು ಕಟ್ಟಿಸಬೇಕಾಗಿಲ್ಲ. ಹಾಗೇ ಇರಲಿ.

ಸೈಕಲ್ ರಿಪೇರಿಯಾಗಿದೆ. ಕೈ ಕೂಡಿದ ಮೇಲೆ ಮತ್ತೆ ಹತ್ತುತ್ತೇನೆ, ಮುಂದಿನ ವರ್ಷವೂ ಪಂದ್ಯ ಇರುತ್ತದೆ. ಹೇಗೆ ಹೊಡೆಯಬೇಕೆಂದು ಇನ್ನು ನಿಮಗೆ ಬರೆದು ಕೇಳುವುದಿಲ್ಲ.

ಏಪ್ರಿಲ್‌ನಲ್ಲಿ ಹಿರಿಯರ ಮುಂದೆ ನಾನು ಒಂದು ಕಾರಣವನ್ನೂ ಹೇಳಲಿಲ್ಲ ಎಂದಿರಿ. ಅವ್ವ ಯಾಕೆ ಬೇಡ ಎಂದು ಕೇಳಿದಾಗ ನಾನು ಗೊತ್ತಿಲ್ಲ ಎಂದಿದ್ದೆ. ನಿಮಗೆ ಅದು ಉತ್ತರವಾಗಿ ಕೇಳಿಸಿರಲಿಕ್ಕಿಲ್ಲ. ಆದರೆ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೀವು ಕುಡಿಯುವವರಲ್ಲ, ಜೂಜಾಡುವವರಲ್ಲ, ನನ್ನನ್ನು ಓದಿಸಿದವರು, ಸೈಕಲ್ ಕಲಿಸಿದವರು. ಇಂಥವರನ್ನು ಯಾಕೆ ಬೇಡವೆನ್ನುತ್ತಿದ್ದೇನೆಂದು ಒಂಬತ್ತು ತಿಂಗಳಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಈಗ ಗೊತ್ತಾಯಿತು. ನಿಮ್ಮ ಪತ್ರವನ್ನು ಅವ್ವನಿಗೂ ಓದಿ ಹೇಳಿದ್ದೇನೆ.

ಕಾಂಚನಾ